ಶುಗರ್ ಇಳಿಯುತ್ತಿಲ್ಲವೇ? ಮಾತ್ರೆ ಹೆಚ್ಚಿಸುವ ಮೊದಲು ಮನಸ್ಸನ್ನೂ ಅಳೆದು ನೋಡಿ

ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, ಎರಡು ಪರೀಕ್ಷೆಯಿಂದಲೂ 9ರ ಮೇಲೇ ನಿಂತಿದೆ. ವೈದ್ಯರು ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆಯನ್ನು 1 ಮಿಲಿಗ್ರಾಂನಿಂದ 2ಕ್ಕೆ ಏರಿಸಿದ್ದಾರೆ, ಇನ್ನೊಂದು ಮಾತ್ರೆ ಸೇರಿಸಿದ್ದಾರೆ, ಮುಂದಿನ ಸಲಕ್ಕೆ ಇನ್ಸುಲಿನ್ ಮಾತು ತೆಗೆದಿದ್ದಾರೆ. ರೋಗಿಯದು ಒಂದೇ ಮಾತು: "ಸುಸ್ತು ಡಾಕ್ಟ್ರೇ, ಮೈಯಲ್ಲಿ ಶಕ್ತೀನೇ ಇಲ್ಲ." ಮನೆಯಲ್ಲಿ ಕಳೆದ ತಿಂಗಳ ಮಾತ್ರೆಗಳು ಅರ್ಧಕ್ಕರ್ಧ ಹಾಗೇ ಉಳಿದಿವೆ. ಅದನ್ನು ಯಾರೂ ಕೇಳಿಲ್ಲ, ಅವರಾಗಿ ಹೇಳಿಯೂ ಇಲ್ಲ. ಇಂಥಲ್ಲಿ ಮೂರನೆಯ ಮಾತ್ರೆ ಬರೆಯುವುದಕ್ಕೆ ಮೊದಲು ಖಿನ್ನತೆ ಅಡಗಿ ಕೂತಿದೆಯೇ ಎಂದು ನೋಡಬೇಕು.

ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆಯ ಪ್ರಮಾಣ ಉಳಿದವರಿಗಿಂತ ಹೆಚ್ಚುಕಡಿಮೆ ಎರಡರಷ್ಟು. ದಾರಿ ಎರಡೂ ಕಡೆಗಿದೆ: ಖಿನ್ನತೆ ಇದ್ದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವವೂ ಹೆಚ್ಚು. ಮನಸ್ಸು ಬಹಳ ದಿನ ಒತ್ತಡದಲ್ಲಿದ್ದಾಗ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಅದು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ, ಇನ್ಸುಲಿನ್ ಇದ್ದರೂ ಮೈಗೆ ತಾಗದಂತೆ ಮಾಡುತ್ತದೆ. ದಿನನಿತ್ಯದಲ್ಲಿ ಮಾತ್ರ ಇದಕ್ಕಿಂತ ಸಾದಾ ಸಂಗತಿಗಳೇ ಹೆಚ್ಚು ಕೆಡಿಸುತ್ತವೆ. ಮಾತ್ರೆ ತಪ್ಪುತ್ತದೆ, ನಡಿಗೆ ನಿಲ್ಲುತ್ತದೆ, ರಾತ್ರಿ ಹನ್ನೊಂದಕ್ಕೆ ಟಿವಿ ಮುಂದೆ ಖಾರದ ಪೊಟ್ಟಣ ಖಾಲಿಯಾಗುತ್ತದೆ, ಗಾಯವಾದ ಪಾದವನ್ನು ಬಗ್ಗಿ ನೋಡುವ ಮನಸ್ಸೇ ಇರುವುದಿಲ್ಲ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ದೀರ್ಘಕಾಲದ ದುಃಖದಿಂದ ಮಧುಮೇಹ ಬರುತ್ತದೆ ಎಂದಿದ್ದ. ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ.

ಖಿನ್ನತೆಯ ಮಾತ್ರೆ ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ನಿಜ, ಆದರೆ ಅಷ್ಟರಿಂದಲೇ ಶುಗರ್ ತಾನಾಗಿ ಇಳಿಯುವುದಿಲ್ಲ. ಶುಗರ್ ಇಳಿದ ಮಾತ್ರಕ್ಕೆ ಖಿನ್ನತೆ ಹೋಗುವುದೂ ಅಪರೂಪ. ಎರಡಕ್ಕೂ ಏಕಕಾಲಕ್ಕೆ ಕೈ ಹಾಕಬೇಕು. ಚೆನ್ನೈ, ದೆಹಲಿ, ವಿಶಾಖಪಟ್ಟಣ ಮತ್ತು ಬೆಂಗಳೂರಿನ ನಾಲ್ಕು ಮಧುಮೇಹ ಚಿಕಿತ್ಸಾ ಕೇಂದ್ರಗಳಲ್ಲಿ 404 ಮಂದಿಯ ಮೇಲೆ ನಡೆದ 'ಇಂಡಿಪೆಂಡೆಂಟ್' ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಸರಳ ಕೆಲಸ. ವೈದ್ಯರಲ್ಲದ ಒಬ್ಬ ಸಂಯೋಜಕರು ಪ್ರತಿ ರೋಗಿಯ ಬೆನ್ನುಹತ್ತಿ ಮನಸ್ಸಿನ ಅಂಕವನ್ನೂ ಸಕ್ಕರೆ, ಬಿಪಿ, ಕೊಲೆಸ್ಟ್ರಾಲನ್ನೂ ಒಟ್ಟಿಗೆ ನೋಡುತ್ತಾ, ತಜ್ಞರ ಮುಂದಿಟ್ಟು ಔಷಧಿ ಬದಲಿಸಲು ಸೂಚನೆ ಕೊಡಿಸುತ್ತಿದ್ದರು. ಖಿನ್ನತೆಯ ಲಕ್ಷಣ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೂರರಲ್ಲಿ ಒಂದಾದರೂ ಸುಧಾರಿಸಿದವರು 24 ತಿಂಗಳ ಕೊನೆಗೆ ಆ ಗುಂಪಿನಲ್ಲಿ ಶೇ 71.6, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ 57.4. ಅಂಥ ಸಂಯೋಜಕರು ನಿಮ್ಮ ಆಸ್ಪತ್ರೆಯಲ್ಲಿ ಇರಲಿಕ್ಕಿಲ್ಲ. ಆ ಕೆಲಸವನ್ನು ಒಂದು ನೋಟ್‌ಬುಕ್ಕು ಮತ್ತು ಮನೆಯ ಒಬ್ಬರು ಸೇರಿ ಬಹುಮಟ್ಟಿಗೆ ಮಾಡಬಹುದು. ಮುಂದಿರುವುದು ಅದರ ಕ್ರಮ.

ಹೆಜ್ಜೆ 1: ಎರಡು ಪ್ರಶ್ನೆ, ಬೇಕಾದರೆ ಒಂಬತ್ತು

ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದ ನೋಡಿಸುವಾಗ ಮನಸ್ಸನ್ನೂ ನೋಡಿ. ಅದರ ಜೊತೆಗೆ, ಕಾಯಿಲೆ ಹೊಸದಾಗಿ ಗೊತ್ತಾದಾಗ, ಇನ್ಸುಲಿನ್ ಶುರುವಾದಾಗ, ಪಾದದ ಹುಣ್ಣು, ದೃಷ್ಟಿ ಮಂಜು, ಹೃದಯಾಘಾತ, ಡಯಾಲಿಸಿಸ್ ಎದುರಾದಾಗ, ಸಂಗಾತಿ ತೀರಿಕೊಂಡಾಗ ಮತ್ತೊಮ್ಮೆ.

"ನಿಮಗೆ ಖಿನ್ನತೆ ಇದೆಯಾ?" ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಸುಳ್ಳು ಹೇಳುತ್ತಿದ್ದಾರೆಂದಲ್ಲ, ಅವರಿಗೆ ಅದು ಮೈಯಲ್ಲೇ ಕಾಣಿಸಿಕೊಳ್ಳುತ್ತದೆ: ಎದೆ ಭಾರ, ತಲೆ ಭಾರ, ಮೈಕೈ ನೋವು, ಕೈಕಾಲು ಸೋಲು. ಹಾಗಾಗಿ ಕೇಳಬೇಕಾದದ್ದು ಹೀಗೆ. ಕಳೆದ ಎರಡು ವಾರದಲ್ಲಿ:

ಒಂದು, ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳೂ ಬೇಡ ಅನ್ನಿಸಿದೆಯಾ?
ಎರಡು, ಬೇಜಾರು, ಮಂಕು, ಇನ್ನೇನೂ ಒಳ್ಳೆಯದಾಗಲ್ಲ ಎಂಬ ಭಾವನೆ ಇದೆಯಾ?

ಒಂದೊಂದಕ್ಕೂ ಅಂಕ: ಇಲ್ಲವೇ ಇಲ್ಲ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನವೂ 3. ಎರಡೂ ಸೇರಿ 3 ಅಥವಾ ಹೆಚ್ಚು ಬಂದರೆ ಪೂರ್ತಿ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿ ತುಂಬಿಸಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಸಿಗುತ್ತದೆ. ಮೇಲಿನ ಎರಡರ ಜೊತೆ ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆ ಕೀಳು ಭಾವನೆ, ಗಮನ ನಿಲ್ಲದಿರುವುದು, ಮಾತು ನಡೆ ನಿಧಾನವಾಗುವುದು ಅಥವಾ ಚಡಪಡಿಕೆ, ಸಾವಿನ ಇಲ್ಲವೇ ತನಗೇ ನೋವು ಮಾಡಿಕೊಳ್ಳುವ ಯೋಚನೆ, ಇವು ಅದರಲ್ಲಿವೆ. ಒಟ್ಟು 27 ಅಂಕ. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ತೀವ್ರ, 20 ಅಥವಾ ಹೆಚ್ಚು ಬಂದರೆ ತೀವ್ರ. 10 ಬಂದರೆ ವೈದ್ಯರಿಗೆ ಹೇಳಲೇಬೇಕು. ಒಂಬತ್ತನೇ ಪ್ರಶ್ನೆಗೆ 0 ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ಎಷ್ಟೆಂದು ಲೆಕ್ಕ ಹಾಕುತ್ತಾ ಕೂರಬೇಡಿ. ಅವತ್ತೇ ಯಾರೊಡನಾದರೂ ಮಾತಾಡಬೇಕು, ದಾರಿ ಕೊನೆಯಲ್ಲಿದೆ.

ಸಕ್ಕರೆ ಕಾಯಿಲೆಯವರಲ್ಲಿ ಈ ಪಟ್ಟಿ ಒಂದು ಕಡೆ ಎಡವುತ್ತದೆ. ನಿದ್ದೆ, ಸುಸ್ತು, ಹಸಿವು, ಗಮನ, ಈ ನಾಲ್ಕನ್ನೂ ಏರಿದ ಸಕ್ಕರೆಯೇ ಕೆಡಿಸಬಲ್ಲದು. ನಾಲ್ಕಕ್ಕೂ 3 ಹಾಕಿದರೆ 12 ಆಯಿತು, ಅಂದರೆ ಶುಗರ್ 350 ಇರುವವರಿಗೆ ಖಿನ್ನತೆಯೇ ಇಲ್ಲದೆ 'ಮಧ್ಯಮ' ಎಂಬ ಹಣೆಪಟ್ಟಿ ಬಿತ್ತು. ಆದ್ದರಿಂದ ಒಟ್ಟು ಅಂಕದ ಜೊತೆಗೆ ಅದು ಎಲ್ಲಿಂದ ಬಂತು ಎಂದು ನೋಡಿ. ಆಸಕ್ತಿ ಇಲ್ಲದಿರುವುದು, ಬೇಸರ, "ನನ್ನಿಂದ ಮನೆಯವರಿಗೆಲ್ಲ ತೊಂದರೆ" ಎಂಬ ಮಾತು, ಸಾವಿನ ಯೋಚನೆ, ಇವುಗಳಲ್ಲಿ ಅಂಕ ಬಿದ್ದಿದ್ದರೆ ಅದು ಸಕ್ಕರೆಯ ಆಟವಷ್ಟೇ ಅಲ್ಲ.

ನಿದ್ದೆಯನ್ನು ಇನ್ನಷ್ಟು ಬಿಡಿಸಿ ಕೇಳಬಹುದು. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಕ್ಕೆ ಸೋರಲು ಶುರುವಾಗುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆದ್ದು, ಬಂದು ಮಲಗಿದರೆ ಮತ್ತೆ ನಿದ್ದೆ ಹತ್ತುತ್ತದೆ ಅಂದರೆ ಅನುಮಾನ ಸಕ್ಕರೆಯ ಮೇಲೆ. ಬೆಳಗಿನ ಮೂರೂವರೆಗೆ ಎಚ್ಚರವಾಗಿ, ಹಳೆಯದನ್ನೆಲ್ಲ ನೆನೆಯುತ್ತಾ ಕಣ್ಣು ಬಿಟ್ಟೇ ಬೆಳಗಾದರೆ ಖಿನ್ನತೆಯ ಮೇಲೆ. ಬೆವರಿನಿಂದ ಬಟ್ಟೆ ಒದ್ದೆಯಾಗಿ, ಕೆಟ್ಟ ಕನಸು ಕಂಡು, ಎದ್ದಾಗ ತಲೆನೋವಿದ್ದರೆ ರಾತ್ರಿ ಶುಗರ್ ಇಳಿಯುತ್ತಿರಬಹುದು; ಎರಡು ರಾತ್ರಿ 3 ಗಂಟೆಗೆ ಅಲಾರಂ ಇಟ್ಟು ಪರೀಕ್ಷಿಸಿ.

ಹೆಜ್ಜೆ 2: ಖಿನ್ನತೆಯ ವೇಷ ಹಾಕಿದವುಗಳನ್ನು ಬದಿಗೆ ಸರಿಸಿ

ಮೊದಲ ಅನುಮಾನ ಬಿ12 ಕೊರತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ಮೊಟ್ಟೆ, ಮಾಂಸ, ಮೀನು ಮುಟ್ಟದ ಮನೆಗಳಲ್ಲಿ ದಾಸ್ತಾನು ಮೊದಲೇ ತೆಳು. ಸುಸ್ತು, ಮರೆವು, ಬೇಸರ, ಪಾದದಲ್ಲಿ ಜೋಮು ಉರಿ, ಎಲ್ಲವೂ ಬಿ12ರಿಂದಲೇ ಆಗಬಹುದು. ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 200ರಿಂದ 300 ಗಡಿರೇಖೆ. ಇಲ್ಲೊಂದು ಬಲೆ ಇದೆ: ಪಾದದ ಉರಿಗೆಂದು ಕೊಡುವ ಹಲವು ಮಾತ್ರೆಗಳಲ್ಲಿ ಮೀಥೈಲ್‌ಕೋಬಾಲಮಿನ್ ಸೇರಿರುತ್ತದೆ, ಅದೂ ಬಿ12ರ ಒಂದು ರೂಪವೇ. ಅದನ್ನು ತೆಗೆದುಕೊಳ್ಳುತ್ತಿದ್ದರೆ ವರದಿಯಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. 'ಶಕ್ತಿ ಇಂಜೆಕ್ಷನ್' ಹಾಕಿಸಿಕೊಂಡ ಮೇಲೆ ಪರೀಕ್ಷೆ ಮಾಡಿಸಿದರೂ ಅದೇ ಕಥೆ. ಮೊದಲು ರಕ್ತ ಕೊಡಿ, ಆಮೇಲೆ ಇಂಜೆಕ್ಷನ್.

ಅದರ ಜೊತೆಗೇ ಥೈರಾಯ್ಡಿನ ಟಿಎಸ್‌ಎಚ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಸೋಡಿಯಂ ನೋಡಿಸಿ. ಜೋರು ಗೊರಕೆ, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರಬಹುದು, ಹೇಳಿ. ಕುಡಿತವನ್ನು ಮುಚ್ಚಿಡಬೇಡಿ: ಅದು ಮನಸ್ಸನ್ನೂ ಕುಗ್ಗಿಸುತ್ತದೆ, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜೊತೆ ಸೇರಿ ಶುಗರನ್ನು ಅಪಾಯದ ಮಟ್ಟಕ್ಕೂ ಇಳಿಸುತ್ತದೆ.

ಇನ್ನೊಂದು ವೇಷಧಾರಿ ಖಿನ್ನತೆಯ ನೆಂಟನೇ, ಆದರೆ ಚಿಕಿತ್ಸೆ ಬೇರೆ. "ಇನ್ನೆಷ್ಟು ವರ್ಷ ಈ ಶುಗರ್ ಜೊತೆ ಗುದ್ದಾಡೋದು" ಎಂಬ ದಣಿವು. ಚುಚ್ಚಿಕೊಂಡು, ಅಳೆದುಕೊಂಡು, ಎಲ್ಲರ ಕೈಲೂ ಬೈಸಿಕೊಂಡು ಬರುವ ಸೋಲು. ಇದನ್ನು ಮಧುಮೇಹದ ಬಳಲಿಕೆ ಅನ್ನಬಹುದು. ಗುರುತಿಸಲು ಒಂದು ಪ್ರಶ್ನೆ ಸಾಕು: "ನಾಳೆ ಬೆಳಗ್ಗೆ ಶುಗರ್ ಮಾಯವಾದರೆ ಬಾಕಿ ಎಲ್ಲ ಸರಿಹೋಗುತ್ತಾ?" ತಟ್ಟನೆ ಹೌದು ಅಂದವರು, ಮೊಮ್ಮಗುವಿನ ನಾಮಕರಣದಲ್ಲಿ ನಕ್ಕು ಓಡಾಡಿದವರು, ಹೆಚ್ಚಾಗಿ ಬಳಲಿದವರು. ನಾಮಕರಣವೂ ಮುಟ್ಟದಿದ್ದವರು ಖಿನ್ನತೆಯವರು. ಬಳಲಿಕೆಗೆ ಮಾತ್ರೆ ಬೇಡ; ಹೊರೆ ಇಳಿಸಬೇಕು. ದಿನಕ್ಕೆ ಮೂರು ಸಲ ನುಂಗುವುದನ್ನು ಒಂದೆರಡು ಸಲಕ್ಕೆ ತರಬಹುದೇ, ಪರೀಕ್ಷೆಯನ್ನು ವಾರಕ್ಕೆ ನಾಲ್ಕಕ್ಕೆ ಇಳಿಸಬಹುದೇ, 72 ವರ್ಷದ ಅಜ್ಜಿಗೆ ಎಚ್‌ಬಿಎ1ಸಿ ಗುರಿಯನ್ನು 7ರ ಬದಲು 7.5 ಅಥವಾ 8ಕ್ಕೆ ಸಡಿಲಿಸಬಹುದೇ ಎಂದು ವೈದ್ಯರನ್ನು ನೇರವಾಗಿ ಕೇಳಿ.

ಹೆಜ್ಜೆ 3: ಎರಡು ವಾರದ ನೋಟ್‌ಬುಕ್ಕು

ಒಂದು ಪುಟ ಗೆರೆ ಎಳೆದು ಆರು ಕಾಲಂ ಮಾಡಿ: ದಿನಾಂಕ, ಬೆಳಗಿನ ಖಾಲಿ ಹೊಟ್ಟೆಯ ಶುಗರ್, ಮನಸ್ಸು ಹತ್ತಕ್ಕೆ ಎಷ್ಟು, ನಿದ್ದೆಯ ಗಂಟೆ, ನಡೆದ ನಿಮಿಷ, ತಪ್ಪಿದ ಮಾತ್ರೆ. ರಾತ್ರಿ ಊಟದ ಹೊತ್ತಿಗೆ ತುಂಬಿಸಿ. ಸ್ಟ್ರಿಪ್ ಉಳಿಸಬೇಕೆಂದರೆ ಒಂದು ದಿನ ಬಿಟ್ಟು ಒಂದು ದಿನ ಅಳೆದರೂ ಆದೀತು, ಆದರೆ ಮನಸ್ಸಿನ ಅಂಕ ದಿನವೂ ಬೇಕು.

ಹದಿನಾಲ್ಕು ದಿನದಲ್ಲಿ ಒಂದು ಚಿತ್ರ ಮೂಡುತ್ತದೆ. ಶುಗರ್ 280 ಇದ್ದ ದಿನಗಳಲ್ಲಿ ಮಾತ್ರ ಮನಸ್ಸು 3ಕ್ಕೆ ಬಿದ್ದು, 130 ಇದ್ದ ದಿನ 7ಕ್ಕೆ ಏರಿದರೆ ಮೊದಲು ಸಕ್ಕರೆ ಸರಿಮಾಡಿ, ನಂತರ ಮತ್ತೆ ಪಿಎಚ್‌ಕ್ಯೂ-9 ತುಂಬಿಸಿ. 120 ಇದ್ದ ದಿನವೂ ಮನಸ್ಸು 3ರಲ್ಲೇ ಇದ್ದರೆ ಸಕ್ಕರೆಯ ಮೇಲೆ ತಪ್ಪು ಹೊರಿಸಬೇಡಿ. 'ತಪ್ಪಿದ ಮಾತ್ರೆ' ಕಾಲಂ ಎಲ್ಲಕ್ಕಿಂತ ಮುಖ್ಯ, ಯಾಕೆಂದು ಐದನೇ ಹೆಜ್ಜೆಯಲ್ಲಿದೆ.

ಹೆಜ್ಜೆ 4: ವೈದ್ಯರ ಮುಂದೆ ಏನು ಹೇಳಬೇಕು

ಮೊದಲು ಹೋಗಬೇಕಾದದ್ದು ಈಗಾಗಲೇ ನೋಡುತ್ತಿರುವ ಶುಗರ್ ವೈದ್ಯರ ಬಳಿಗೇ. ಸೌಮ್ಯ, ಮಧ್ಯಮ ಖಿನ್ನತೆಗೆ ಅವರೇ ಔಷಧಿ ಶುರು ಮಾಡಬಲ್ಲರು. ನಿಮಗೆ ಸಿಗುವುದು ಐದು ನಿಮಿಷ. ಒಳಗೆ ಕೂತ ಕೂಡಲೇ, ಬಿಪಿ ಪಟ್ಟಿ ಕಟ್ಟುವ ಮೊದಲೇ ಹೇಳಿ: "ಡಾಕ್ಟ್ರೇ, ಎರಡು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಈ ಪಟ್ಟಿ ತುಂಬಿಸಿದೆ, 14 ಬಂತು. ವಾರಕ್ಕೆ ಮೂರು ನಾಲ್ಕು ದಿನ ಮಾತ್ರೆ ತಪ್ಪುತ್ತಿದೆ." ಬಾಗಿಲ ಹಿಡಿ ಹಿಡಿದು ಹೊರಡುವಾಗ ಹೇಳಿದರೆ ನಿದ್ದೆ ಮಾತ್ರೆಯೊಂದೇ ಸಿಕ್ಕೀತು.

ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಆಯುರ್ವೇದದ ಚೂರ್ಣವೂ ಇರಲಿ. ಪಾದದ ಉರಿಗೆ ಕೊಟ್ಟ ಪ್ರಿಗ್ಯಾಬಲಿನ್ ಮಾತ್ರೆಯಲ್ಲಿ ಎಷ್ಟೋ ಸಲ 10 ಮಿಲಿಗ್ರಾಂ ನಾರ್‌ಟ್ರಿಪ್ಟಿಲಿನ್ ಸೇರಿರುತ್ತದೆ. ಅದು ಹಳೆಯ ಕಾಲದ ಖಿನ್ನತೆಯ ಔಷಧಿ. ಉರಿಗೆ ಆ ಪ್ರಮಾಣ ಸಾಕು, ಖಿನ್ನತೆಗೆ ಸಾಲದು. ಅದರ ಮೇಲೆ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಸೇರಿದರೆ ನಾರ್‌ಟ್ರಿಪ್ಟಿಲಿನ್ ಮಟ್ಟ ರಕ್ತದಲ್ಲಿ ಏರಿ ಬಾಯಿ ಒಣಗುವುದು, ತಲೆಸುತ್ತು, ಎದೆಬಡಿತ ಹೆಚ್ಚುವುದು ಆಗಬಹುದು. ನೋವಿನ ಟ್ರಮಡಾಲ್ ಇದ್ದರೂ ತೋರಿಸಿ.

ನೇರವಾಗಿ ಮನೋವೈದ್ಯರ ಬಳಿಗೇ ಹೋಗಬೇಕಾದ ಸಂದರ್ಭಗಳೂ ಇವೆ: ಅಂಕ 20 ಅಥವಾ ಹೆಚ್ಚು ಬಂದಾಗ, ಸಾಯುವ ಯೋಚನೆ ಇದ್ದಾಗ, ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸಿದಾಗ, ಒಂದು ಔಷಧಿ ಸರಿಯಾದ ಪ್ರಮಾಣದಲ್ಲಿ 8 ವಾರ ಕೊಟ್ಟರೂ ಜಗ್ಗದಿದ್ದಾಗ. ಹಿಂದೆ ಎಂದಾದರೂ ನಿದ್ದೆಯೇ ಬೇಡದಷ್ಟು ಹುರುಪು, ಅತಿ ಮಾತು, ಕೈಮೀರಿದ ಖರ್ಚು ವಾರಗಟ್ಟಲೆ ಇತ್ತೇ ಎಂಬುದನ್ನೂ ಹೇಳಲೇಬೇಕು. ಅದು ಅತಿ ಹುರುಪು, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರಬಹುದು, ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮತ್ತೆ ಕೆರಳಬಹುದು. 'ಹುಚ್ಚಿನ ಡಾಕ್ಟರು' ಎಂಬ ಹಳೆಯ ಮಾತಿಗೆ ಹೆದರಿ ಕಣ್ಣಿನ ರೆಟಿನಾ, ಕಿಡ್ನಿ ಎಲ್ಲಕ್ಕೂ ತಜ್ಞರನ್ನು ಕಂಡು ಇದೊಂದನ್ನು ಬಿಡುವುದು ಯಾವ ಲೆಕ್ಕ?

ಕರ್ನಾಟಕದಲ್ಲಿ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ತನಕ ಹೋಗಲೇಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ ಹೊರಡಿ. ಆರೋಗ್ಯ ವಿಮೆ ಇದ್ದವರಿಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕು.

ಹೆಜ್ಜೆ 5: ಚಿಕಿತ್ಸೆ ಶುರುವಾದ ಮೇಲೆ, ಮೊದಲ ಎಂಟು ವಾರ

ಸೌಮ್ಯ ಖಿನ್ನತೆಗೆ ಸಾಮಾನ್ಯವಾಗಿ ಆಪ್ತಸಮಾಲೋಚನೆ ಮತ್ತು ದಿನಚರಿಯ ಬದಲಾವಣೆಯೇ ಮೊದಲು. ಇಲ್ಲಿ ಹೆಚ್ಚು ಕೆಲಸ ಮಾಡುವ ಸೂತ್ರ ಸರಳ: ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾಯದೆ, ಗಂಟೆ ನೋಡಿ ಮಾಡುವುದು. ಮನಸ್ಸು ಹಿಂದಿನಿಂದ ಬರುತ್ತದೆ. ಮೊದಲ ವಾರ ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷ ನಡಿಗೆ, ಅಷ್ಟೇ. ಊಟದ ನಂತರದ ಶುಗರಿಗೂ ಅದೇ ಔಷಧಿ. ಎರಡನೇ ವಾರ ರಾತ್ರಿ ಊಟದ ಮೇಲೂ ಹತ್ತು. ಹೀಗೆ ಏರಿಸಿ ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ, 150 ನಿಮಿಷಕ್ಕೆ ತಲುಪಿ. ಮೊದಲ ದಿನವೇ ಕೆರೆ ಏರಿಯ ಮೇಲೆ ಒಂದು ಗಂಟೆ ನಡೆಯಲು ಹೊರಟವರು ಮೂರನೇ ದಿನ ಮನೆಯಲ್ಲೇ ಉಳಿಯುತ್ತಾರೆ.

ಔಷಧಿಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಹೆಚ್ಚಾಗಿ ಬರೆಯುವುದು ಸರ್ಟ್ರಾಲಿನ್ ಅಥವಾ ಎಸ್ಸಿಟಲೊಪ್ರಾಮ್. ಸರ್ಟ್ರಾಲಿನನ್ನು 25 ಮಿಲಿಗ್ರಾಂನಿಂದ ಶುರುಮಾಡಿ ಒಂದು ವಾರದ ಮೇಲೆ 50ಕ್ಕೆ ಏರಿಸುವುದು ರೂಢಿ. ಪಾದದ ಉರಿಯೂ ಖಿನ್ನತೆಯೂ ಒಟ್ಟಿಗೆ ಇದ್ದವರಿಗೆ ಡುಲೊಕ್ಸೆಟಿನ್ 30ರಿಂದ 60 ಮಿಲಿಗ್ರಾಂ ಎರಡಕ್ಕೂ ಆಗುತ್ತದೆ, ಶುಗರನ್ನು ತುಸು ಏರಿಸಬಹುದು ಅಷ್ಟೇ. ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ತೂಕ ಏರಿಸುತ್ತವೆ. ಒಲಾಂಜಪಿನ್ ತೂಕ, ಸಕ್ಕರೆ ಎರಡನ್ನೂ. ಇವು ಬೇಕೇ ಬೇಕಾದ ಸಂದರ್ಭಗಳಿವೆ, ಆಗ ತಿಂಗಳಿಗೊಮ್ಮೆ ತೂಕ ಬರೆದಿಡಿ. ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್‌ನಂಥ ನಿದ್ದೆ ಮಾತ್ರೆಗಳು ಖಿನ್ನತೆಗೆ ಔಷಧಿಯಲ್ಲ. ಚಟವಾಗುವುದು ಇವು, ಸರ್ಟ್ರಾಲಿನ್ ಅಲ್ಲ. ಎರಡರಿಂದ ನಾಲ್ಕು ವಾರ ದಾಟಿದರೆ ಏಕೆ ಎಂದು ಕೇಳಿ. ವಯಸ್ಸಾದವರು ರಾತ್ರಿ ಬಚ್ಚಲಲ್ಲಿ ಜಾರಿ ಬೀಳುವುದಕ್ಕೆ ಇವೂ ಒಂದು ಕಾರಣ.

ಮೊದಲ ಹತ್ತು ದಿನ ಓಕರಿಕೆ, ಸಡಿಲ ಭೇದಿ, ಸ್ವಲ್ಪ ಚಡಪಡಿಕೆ ಇರಬಹುದು. ಊಟದ ನಂತರ ನುಂಗಿದರೆ ಕಡಿಮೆ. ಮೆಟ್‌ಫಾರ್ಮಿನ್ನಿಗೂ ಇದೇ ಭೇದಿಯ ಗುಣ ಇರುವುದರಿಂದ ಹಲವರು ಯಾವುದೋ ಒಂದನ್ನು ಊಹೆಯ ಮೇಲೆ ಬಿಟ್ಟುಬಿಡುತ್ತಾರೆ, ಕೆಲವರು ಎರಡನ್ನೂ. ಬಿಡಬೇಡಿ, ಫೋನ್ ಮಾಡಿ. ಪರಿಣಾಮ ತಿಳಿಯಲು 2ರಿಂದ 4 ವಾರ ಬೇಕು, ಪೂರ್ತಿ ಕಾಣಲು 6ರಿಂದ 8. ನಿದ್ದೆ ಹಸಿವು ಮೊದಲು ಸುಧಾರಿಸುತ್ತವೆ, ಉತ್ಸಾಹ ಕೊನೆಗೆ ಬರುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಮಲ ಟಾರಿನಂತೆ ಕಪ್ಪಾದರೆ ತಕ್ಷಣ ತೋರಿಸಬೇಕು. ಬಿಪಿಗೆ ನೀರಿಳಿಸುವ ಮಾತ್ರೆ ಇರುವ ಹಿರಿಯರಿಗೆ ಎರಡರಿಂದ ನಾಲ್ಕು ವಾರದಲ್ಲಿ ಸೋಡಿಯಂ ಒಮ್ಮೆ ನೋಡಿಸಿ. ಅದು ಇಳಿದರೆ ಗೊಂದಲ, ತಲೆಸುತ್ತು. ಲೈಂಗಿಕ ತೊಂದರೆ ಸಕ್ಕರೆಯಿಂದಲೂ ಬರುತ್ತದೆ, ಈ ಔಷಧಿಗಳಿಂದಲೂ. ಮಾತ್ರೆ ಶುರುವಾಗುವ ಮುಂಚೆ ಹೇಗಿತ್ತು ಎಂಬುದನ್ನು ಹೇಳಿದರೆ ವೈದ್ಯರು ಬೇರೆ ಔಷಧಿ ಆರಿಸಬಹುದು.

ಈಗ ಎಲ್ಲರೂ ಎಡವುವ ಜಾಗ. ತಿಂಗಳುಗಟ್ಟಲೆ ಅರ್ಧ ಮಾತ್ರೆ ತಪ್ಪಿಸಿದವರಿಗೆ ವೈದ್ಯರು, ಎಲ್ಲವನ್ನೂ ನುಂಗುತ್ತಿದ್ದಾರೆಂದು ನಂಬಿ, ಪ್ರಮಾಣ ಏರಿಸುತ್ತಲೇ ಹೋಗಿರುತ್ತಾರೆ. ಮನಸ್ಸು ಸುಧಾರಿಸಿದ ಮೇಲೆ ಅವರು ಒಂದನ್ನೂ ಬಿಡದೆ ನುಂಗಲು ಶುರುಮಾಡುತ್ತಾರೆ. ಕಾಗದದ ಮೇಲಿದ್ದ ಗ್ಲಿಮೆಪಿರೈಡ್ ಮೊದಲ ಬಾರಿಗೆ ಪೂರ್ತಿ ಹೊಟ್ಟೆಗೆ ಹೋಗುತ್ತದೆ, ಶುಗರ್ 55ಕ್ಕೆ ಬೀಳುತ್ತದೆ. ಸರ್ಟ್ರಾಲಿನ್ ಗುಂಪಿನ ಔಷಧಿಗಳು ತಾವೂ ಸಕ್ಕರೆಯನ್ನು ತುಸು ಇಳಿಸಬಲ್ಲವು. ಆದ್ದರಿಂದ 'ತಪ್ಪಿದ ಮಾತ್ರೆ' ಕಾಲಂ ಅನ್ನು ನಾಚಿಕೆ ಬಿಟ್ಟು ತೋರಿಸಿ, "ಇನ್ನು ಎಲ್ಲ ನುಂಗಿದರೆ ಪ್ರಮಾಣ ಇಷ್ಟೇ ಇರಬೇಕಾ?" ಎಂದು ಕೇಳಿ. ಮೊದಲ ನಾಲ್ಕು ವಾರ, ವಾರಕ್ಕೆರಡು ದಿನ ಖಾಲಿ ಹೊಟ್ಟೆಯದ್ದು, ಊಟವಾಗಿ ಎರಡು ಗಂಟೆಯದ್ದು ಅಳೆಯಿರಿ. ಇನ್ನೊಂದು ತುದಿಯೂ ಉಂಟು: ಹೋಗಿದ್ದ ಹಸಿವು ಮರಳಿ ಶುಗರ್ ಏರಬಹುದು.

ಎದೆ ಡವಡವ, ನಡುಕ, ಬೆವರು ಬಂದಾಗ "ಟೆನ್ಷನ್" ಎಂದು ಮಲಗಬೇಡಿ. ಗಾಬರಿಗೂ ಲೋ ಶುಗರಿಗೂ ಮುಖ ಒಂದೇ. ಮೊದಲು ಅಳೆಯಿರಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಅಳೆಯಲು ಸಾಧ್ಯವಿಲ್ಲದಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಏರದಿದ್ದರೆ ಇನ್ನೊಮ್ಮೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಸಾದಾ ಸಕ್ಕರೆ ಬೇಗ ಕರಗಿ ಸೇರುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಚಾಕೊಲೇಟ್ ಬೇಡ, ಕೊಬ್ಬು ಸಕ್ಕರೆಯನ್ನು ತಡೆಯುತ್ತದೆ.

ಏಳಲಾಗದ ದಿನಕ್ಕೆ

ಎಷ್ಟೇ ಚಿಕಿತ್ಸೆ ಇದ್ದರೂ ಹಾಸಿಗೆಯಿಂದ ಏಳಲಾಗದ ದಿನಗಳು ಬರುತ್ತವೆ. ಅವತ್ತಿಗೆ ಕನಿಷ್ಠ ಪಟ್ಟಿಯೊಂದನ್ನು ಚೆನ್ನಾಗಿರುವ ದಿನವೇ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ: ಮಾತ್ರೆ ಅಥವಾ ಇನ್ಸುಲಿನ್, ಎರಡು ಹೊತ್ತು ಏನಾದರೂ ಊಟ, ನೀರು, ಒಮ್ಮೆ ಅಂಗಾಲು ನೋಡುವುದು, ಒಬ್ಬರಿಗೆ ಫೋನ್. ಮನೆಯಲ್ಲಿ ಬೇಯಿಸದೆ ಆಗುವಂಥದ್ದು ಇಟ್ಟಿರಿ: ಹುರಿಗಡಲೆ, ಮೊಸರು, ಬೇಯಿಸಿಟ್ಟ ಮೊಟ್ಟೆ, ರಾಗಿ ಅಂಬಲಿಗೆ ಹಿಟ್ಟು. ರಾಗಿ ಎಂದ ಮಾತ್ರಕ್ಕೆ ಲೋಟದ ಮೇಲೆ ಲೋಟ ಅಲ್ಲ, ಬೆಲ್ಲವೂ ಬೇಡ.

ಊಟ ಬಿಟ್ಟ ದಿನ ಯಾವ ಔಷಧಿ ಏನಾಗಬೇಕೆಂದು ವೈದ್ಯರಿಂದ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಸಾಮಾನ್ಯ ತಿಳಿವಳಿಕೆ ಇಷ್ಟು: ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಖಾಲಿ ಹೊಟ್ಟೆಯಲ್ಲಿ ನುಂಗಿ ಊಟ ಬಿಟ್ಟರೆ ಶುಗರ್ ಬೀಳುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಏನೂ ತಿನ್ನದೆ, ವಾಂತಿ ಮಾಡುತ್ತಾ ಇದ್ದರೆ ಅದನ್ನು ನಿಲ್ಲಿಸಿ ವೈದ್ಯರನ್ನು ಕೇಳಬೇಕು, ಯಾಕೆಂದರೆ ಶುಗರ್ ಹೆಚ್ಚಿಲ್ಲದೆಯೂ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಟೈಪ್ 1 ಇರುವವರು ಊಟ ಇಲ್ಲದಿದ್ದರೂ ದಿನದ ದೀರ್ಘಾವಧಿ ಇನ್ಸುಲಿನ್ನನ್ನು ಪೂರ್ತಿ ಬಿಡಲೇಬಾರದು. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು ಕಂಡರೆ ಆಸ್ಪತ್ರೆಗೆ.

ಮನೆಯವರು ಪೊಲೀಸರಾಗಬಾರದು. "ಮತ್ತೆ ಸ್ವೀಟ್ ತಿಂದ್ಯಲ್ಲ, ನಿನಗೆ ಬುದ್ಧಿ ಬರಲ್ಲ" ಎಂದರೆ ಮುಂದಿನ ಸಲ ಮುಚ್ಚಿಟ್ಟು ತಿನ್ನುತ್ತಾರೆ, ಅಷ್ಟೇ. "ಅಮ್ಮ, ನಾನೂ ಬರ್ತೀನಿ, ಗಲ್ಲಿ ತಿರುವಿನ ತನಕ ಹೋಗಿ ಬರೋಣ" ಎಂಬುದು ಹೆಚ್ಚು ಕೆಲಸ ಮಾಡುತ್ತದೆ. ವಾರದ ಮಾತ್ರೆ ಡಬ್ಬಿ ತುಂಬಿಸಿಡುವುದು, ನೋಟ್‌ಬುಕ್ಕು ಕಾಣುವಲ್ಲಿ ಇಡುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಇವು ಒಬ್ಬರ ಪಾಲಿಗಿರಲಿ. ನಾಲ್ಕು ಜನ ಸೇರಿ ವಿಚಾರಿಸಿಕೊಳ್ಳುವುದು ಬೇಡ.

ಸಾವಿನ ಮಾತು ಬಂದರೆ

"ಇದ್ದು ಏನು ಪ್ರಯೋಜನ", "ನಾನು ಹೋದರೆ ನಿಮಗೆ ನಿರಾಳ" ಎಂಬ ಮಾತು ಬಂದರೆ ವಿಷಯ ಬದಲಿಸಬೇಡಿ. "ಸಾಯಬೇಕು ಅನ್ನಿಸ್ತಾ ಇದೆಯಾ?" ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಇನ್ಸುಲಿನ್ನೂ ಮಾತ್ರೆಯೂ ಸದ್ಯಕ್ಕೆ ಮನೆಯ ಇನ್ನೊಬ್ಬರ ಕೈಯಲ್ಲಿರಲಿ, ಅವತ್ತಿಗೆ ಬೇಕಾದಷ್ಟನ್ನೇ ಅವರೇ ಕೊಡಲಿ. ಹೆಚ್ಚು ಪ್ರಮಾಣ ಮೈಗೆ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, 108ಕ್ಕೆ ಕರೆ ಮಾಡಿ. ಸಕ್ಕರೆ ಕುಡಿಸಿ ಒಮ್ಮೆ 120 ತೋರಿಸಿತೆಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ. ಕೆಲವು ಮಾತ್ರೆಗಳ ಪ್ರಭಾವ ಒಂದು ದಿನಕ್ಕೂ ಮೀರಿ ಇದ್ದು, ಶುಗರ್ ಮತ್ತೆ ಮತ್ತೆ ಬೀಳುತ್ತದೆ. ಪೊಲೀಸ್ ಕೇಸಿನ ಭಯದಿಂದ ತಡ ಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ.

ಹುಷಾರಾದ ಮೇಲೆ

ತಿಂಗಳಿಗೊಮ್ಮೆ ಪಿಎಚ್‌ಕ್ಯೂ-9, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಎರಡೂ ಅದೇ ನೋಟ್‌ಬುಕ್ಕಿನಲ್ಲಿ ಎದುರುಬದುರು ಪುಟಗಳಲ್ಲಿ. ಅಂಕ ಮೊದಲಿನ ಅರ್ಧಕ್ಕಿಳಿದರೆ ಔಷಧಿ ಹಿಡಿದಿದೆ ಎಂದರ್ಥ, 5ಕ್ಕಿಂತ ಕೆಳಗೆ ಬಂದರೆ ಹುಷಾರಾದಂತೆ. ನಿಲ್ಲಿಸಲು ಆಗಲೇ ಅವಸರ ಬೇಡ. ಹುಷಾರಾದ ದಿನದಿಂದ 6ರಿಂದ 9 ತಿಂಗಳು ಅದೇ ಪ್ರಮಾಣ, ಎರಡನೇ ಸಲ ಮೂರನೇ ಸಲ ಬಂದ ಖಿನ್ನತೆಯಾದರೆ ಇನ್ನೂ ಹೆಚ್ಚು ಕಾಲ. ಆಮೇಲೂ ವಾರಗಳ ಅವಧಿಯಲ್ಲಿ ಇಳಿಸುತ್ತಾ ಬರಬೇಕು. ಒಂದೇ ಸಲ ಬಿಟ್ಟರೆ ತಲೆಸುತ್ತು, ಸಿಡುಕು, ಕರೆಂಟು ಹೊಡೆದಂಥ ಜುಮ್ಮು ಬರುತ್ತದೆ, ಅದನ್ನೇ ಕಾಯಿಲೆ ಮರಳಿತೆಂದು ತಪ್ಪು ತಿಳಿಯುವವರಿದ್ದಾರೆ.

ನಿಲ್ಲಿಸಿದ ನಂತರದ ಮೊದಲ ಆರು ತಿಂಗಳು ತಿಂಗಳ ಪಟ್ಟಿ ತುಂಬಿಸುವುದನ್ನು ಬಿಡಬೇಡಿ. ಮತ್ತೆ 10 ದಾಟಿದರೆ, ಅಥವಾ ಕಾರಣವಿಲ್ಲದೆ ಖಾಲಿ ಹೊಟ್ಟೆಯ ಶುಗರ್ ಎರಡು ವಾರ ಏರಿಯೇ ಇದ್ದು 'ತಪ್ಪಿದ ಮಾತ್ರೆ' ಕಾಲಂ ತುಂಬತೊಡಗಿದರೆ, ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಡಿ. ನೋಟ್‌ಬುಕ್ಕು ಹಿಡಿದು ವೈದ್ಯರ ಬಳಿ ಹೋಗಿ.